ದೇವರ ಮನೆಯಲ್ಲೊಂದು ಕಡಲು

ನಮ್ಮ ಮಲ್ಲತ್ತಹಳ್ಳಿಯಲ್ಲಿ ಯಾರಾದರೂ ಮನೆಗೆ ಪಾಯ ತೋಡಿಸಿದರೆ ಮಕ್ಕಳು ಸುತ್ತ ನೆರೆಯುತ್ತಾರೆ. "ತಾತ, ಇಲ್ಲಿ ಡೈನೋಸಾರ್ ಮೂಳೆ ಸಿಗುತ್ತಾ?" ಎಂದು ಕೇಳುತ್ತಾರೆ. ಇಲ್ಲ ಮಕ್ಕಳೇ, ಸಿಗುವುದಿಲ್ಲ. ಯಾಕೆಂದು ಹೇಳುತ್ತೇನೆ.

ಬಹಳ ಹಿಂದೆ ಬದುಕಿದ್ದ ಜೀವಿಯ ದೇಹದ ಭಾಗವಾಗಲಿ, ಅದರ ಗುರುತಾಗಲಿ ಕಲ್ಲಿನಲ್ಲಿ ಉಳಿದಿದ್ದರೆ ಅದು ಪಳೆಯುಳಿಕೆ. 10,000 ವರ್ಷಕ್ಕಿಂತ ಹಳೆಯದಿರಬೇಕು ಎನ್ನುವುದು ರೂಢಿ. ಮೂಳೆ, ಹಲ್ಲು, ಚಿಪ್ಪಿನ ಜೊತೆಗೆ ಹೆಜ್ಜೆಗುರುತು, ಹುಳು ಕೊರೆದ ಬಿಲ ಕೂಡ ಈ ಲೆಕ್ಕಕ್ಕೆ ಸೇರುತ್ತವೆ. ಬ್ಯಾಂಕಿನ ಹಳೆಯ ಸಾಲಪತ್ರಗಳಲ್ಲಿ ನಾನು ಹೆಬ್ಬೆಟ್ಟಿನ ಗುರುತು ನೋಡುತ್ತಿದ್ದೆ. ಒತ್ತಿದವರು ತೀರಿಕೊಂಡು ಎಷ್ಟೋ ವರ್ಷವಾಗಿದ್ದರೂ ಗುರುತು ಸಾಕ್ಷಿ ಹೇಳುತ್ತಿತ್ತು. ಹೆಜ್ಜೆಗುರುತೂ ಹಾಗೆಯೇ. ಆದರೆ ಕೆಲವು ಕಲ್ಲುಗಳ ಮೇಲೆ ಮ್ಯಾಂಗನೀಸ್ ಖನಿಜವು ಜರೀಗಿಡದಂಥ ಚಿತ್ರ ಮೂಡಿಸುತ್ತದೆ. ಅದು ಪಳೆಯುಳಿಕೆಯಲ್ಲ, ಅಲ್ಲಿ ಜೀವವೇ ಇರಲಿಲ್ಲ.

ಚಿಪ್ಪು ಉಳಿಯಬೇಕಾದರೆ ಕೆಸರು ಬೇಗ ಮುಚ್ಚಬೇಕು. ಮೆತ್ತನೆಯ ಭಾಗ ಕೊಳೆತುಹೋಗುತ್ತದೆ, ನೀರಿನ ಖನಿಜ ಚಿಪ್ಪಿನೊಳಗೆ ಸೇರುತ್ತದೆ, ಕೆಸರು ಕಲ್ಲಾಗುತ್ತದೆ. ಬೆಂಗಳೂರಿನ ಬಂಡೆಯ ಕತೆ ಬೇರೆ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ. ಅದು ನೆಲದಾಳದ ಕಾವಿನಲ್ಲಿ ಬೆಂದು ಆದದ್ದು. ಬಾಗಲಕೋಟೆ ಕಡೆಯ ಸುಣ್ಣದ ಕಲ್ಲುಗಳಲ್ಲಾದರೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಹಳೆಯ ಕಡಲಲ್ಲಿ ಕಟ್ಟಿದ ಪದರಗಳು ಇಂದಿಗೂ ಕಾಣುತ್ತವೆ.

ಪಳೆಯುಳಿಕೆ ನೋಡಲು ಅಷ್ಟು ದೂರ ಹೋಗಬೇಕೆಂದೇನೂ ಇಲ್ಲ. ನಿಮ್ಮಲ್ಲಿ ಕೆಲವರ ದೇವರ ಮನೆಯಲ್ಲೇ ಇದೆ. ನೇಪಾಳದ ಗಂಡಕಿ ನದಿಯ ಸಾಲಿಗ್ರಾಮದೊಳಗಿನ ಚಕ್ರ ಅಮೋನೈಟ್ ಎಂಬ ಕಡಲ ಜೀವಿಯ ಸುರುಳಿ ಚಿಪ್ಪು. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಡೈನೋಸಾರ್‌ಗಳ ಜೊತೆಗೇ ಅದರ ವಂಶ ಅಳಿಯಿತು. ಇಂದು ಹಿಮಾಲಯವಿರುವ ಕಡೆ ಆಗ ಟೆಥಿಸ್ ಸಮುದ್ರವಿತ್ತು!

ನಮ್ಮ ಮನೆಯ ಸಾಲಿಗ್ರಾಮ ತಂದೆಯವರಿಂದ ಬಂದದ್ದು. ನನ್ನ ನಂತರ ನಿತ್ಯಪೂಜೆ ಯಾರು ಮಾಡುತ್ತಾರೆ, ಮಠಕ್ಕೆ ಕೊಟ್ಟುಬಿಡೋಣವೇ ಎಂಬ ಮಾತು ನಡೆದಿತ್ತು. ಈ ಕತೆ ಕೇಳಿದ ಮೊಮ್ಮಗಳು, "ಅದು ನನಗಿರಲಿ ತಾತ" ಅಂದಳು. ಪೂಜೆಗೋ, ಪಾಠಕ್ಕೋ ಎಂದು ನಾನು ಕೇಳಲಿಲ್ಲ. ಎರಡಕ್ಕೂ ಅದನ್ನು ಜೋಪಾನವಾಗಿಯೇ ಹಿಡಿಯಬೇಕು.

ಪ್ರವಾಸದಲ್ಲಿ ಚಿಪ್ಪಿನ ಗುರುತಿರುವ ಕಲ್ಲು ಕಂಡರೆ ಒಡೆಯಬೇಡಿ. ಫೋಟೋ ತೆಗೆದು, ಊರು, ಜಾಗ, ದಿನ ಬರೆದಿಟ್ಟು ಮೇಷ್ಟ್ರಿಗೆ ತೋರಿಸಿ. ಎಲ್ಲಿಯದೆಂದು ತಿಳಿಯದ ಪಳೆಯುಳಿಕೆ ತಾರೀಖಿಲ್ಲದ ಚೆಕ್ಕಿದ್ದಂತೆ.