ಹರಿದುಹೋಗುವ ವಿಷದ ಲೆಕ್ಕ

2010ರ ಅಕ್ಟೋಬರಿನಲ್ಲಿ ಆಸ್ಟ್ರೇಲಿಯದ ಕೀಟನಾಶಕ ನಿಯಂತ್ರಣ ಪ್ರಾಧಿಕಾರವು ಎಂಡೋಸಲ್ಫಾನ್‌ನ ನೋಂದಣಿಯನ್ನು ರದ್ದುಪಡಿಸಿತು. ಸಿಂಪಡಿಸಿದ ವಿಷವು ಗಾಳಿಯಲ್ಲಿ ತೇಲಿ, ಮಳೆನೀರಿನೊಡನೆ ಹರಿದು ಪರಿಸರವನ್ನು ಸೇರುತ್ತದೆ. ಬಳಕೆಯ ನಿಯಮಗಳನ್ನು ಬಿಗಿಗೊಳಿಸಿದರೂ ಈ ದೀರ್ಘಕಾಲಿಕ ಅಪಾಯ ತಗ್ಗದು ಎಂಬುದು ಅದು ನೀಡಿದ ಕಾರಣ. ಏಳು ತಿಂಗಳ ಬಳಿಕ, 2011ರ ಮೇ 13ರಂದು, ಭಾರತದ ಸರ್ವೋಚ್ಚ ನ್ಯಾಯಾಲಯವೂ ಅದೇ ವಿಷವನ್ನು ತಡೆಯಿತು. ಆದರೆ ಅಲ್ಲಿ ವಾದದ ನಡುವೆ ಇದ್ದುದು ಹರಿವಿನ ಲೆಕ್ಕವಲ್ಲ, ಕಾಸರಗೋಡಿನ ರೋಗಿಗಳು.

ಮೇಲ್ಹರಿವಿನ ಗಣಿತ ಮಾದರಿ ಕೇಳುವ ಪ್ರಶ್ನೆಗಳು ರೈತನಿಗೆ ಅಪರಿಚಿತವಲ್ಲ. ಹೆಕ್ಟೇರಿಗೆ ಎಷ್ಟು ಸಿಂಪಡಿಸಿದರು? ಅದು ಮಣ್ಣಿಗೆ ಅಂಟಿಕೊಳ್ಳುವುದೋ ನೀರಿನಲ್ಲಿ ಕರಗುವುದೋ? ಬಿದ್ದ ಮಳೆಯಲ್ಲಿ ಇಂಗಿದ್ದೆಷ್ಟು, ಹರಿದದ್ದೆಷ್ಟು? ಹೀಗೆ ತೊರೆಯಲ್ಲಿ ಇರಬಹುದಾದ ಸಾಂದ್ರತೆಯನ್ನು ಅಂದಾಜಿಸಿ, ಪಾಚಿಗೋ ಮೀನಿಗೋ ಹಾನಿಮಾಡುವ ಸಾಂದ್ರತೆಯೊಡನೆ ಹೋಲಿಸುತ್ತಾರೆ. ಇವೆಲ್ಲಕ್ಕಿಂತ ನಿರ್ಣಾಯಕವಾದುದು, ಸಿಂಪಡಣೆಗೂ ಮೊದಲ ದೊಡ್ಡ ಮಳೆಗೂ ನಡುವಿನ ದಿನಗಳು. ಮೂವತ್ತು ದಿನಗಳಲ್ಲಿ ಅರ್ಧ ಕರಗುವ ರಾಸಾಯನಿಕವೊಂದಿದೆ ಎನ್ನೋಣ. ಮಳೆ ಎರಡನೆಯ ದಿನ ಬಂದರೆ ಬಹುಪಾಲು ಹೊಲದಲ್ಲೇ ಕಾದಿರುತ್ತದೆ, ಅರುವತ್ತನೆಯ ದಿನ ಬಂದರೆ ಕಾಲುಭಾಗ ಮಾತ್ರ.

ಆದ್ದರಿಂದ ಮಳೆಯನ್ನು ಎರವಲು ತರುವಂತಿಲ್ಲ. ಯುರೋಪಿನ ನೋಂದಣಿ ಪದ್ಧತಿಯಲ್ಲಿ ಮೇಲ್ಹರಿವಿಗೆಂದು ಇರುವ ನಾಲ್ಕು ಮಾದರಿ ಸನ್ನಿವೇಶಗಳು ಜರ್ಮನಿ, ಪೋರ್ಚುಗಲ್, ಇಟಲಿ, ಫ್ರಾನ್ಸ್‌ಗಳ ನೆಲವನ್ನು ಆಧರಿಸಿದವು. ಬ್ರಿಸ್ಬೇನ್ ರಾಜಧಾನಿಯಾಗಿರುವ ಕ್ವೀನ್ಸ್‌ಲ್ಯಾಂಡಿನ ಕಬ್ಬಿನ ಬಯಲುಗಳಿಗೆ ಅವು ಸಾಲವು. ಅಲ್ಲಿನ ಸಂಶೋಧಕರು ದಿನದಿನದ ಜಲಸಮತೋಲನವನ್ನು ಲೆಕ್ಕಹಾಕುವ ‘ಹೌಲೀಕಿ’ ಎಂಬ ತಮ್ಮದೇ ಮಾದರಿಯನ್ನು ಕಟ್ಟಿಕೊಂಡರು. ಕಬ್ಬಿನ ಕಳೆನಾಶಕ ಡೈಯುರಾನ್ ಕಡಲಹುಲ್ಲಿನ ದ್ಯುತಿಸಂಶ್ಲೇಷಣೆಯನ್ನು ತಡೆಯುತ್ತದೆ, ಹವಳದೊಳಗಿನ ಪಾಚಿಯನ್ನೂ ಬಿಡುವುದಿಲ್ಲ. 2012ರ ನವೆಂಬರಿನಲ್ಲಿ ಪ್ರಾಧಿಕಾರವು ಅದನ್ನು ಪೂರ್ತಿ ನಿಷೇಧಿಸದೆ, ಪ್ರಮಾಣವನ್ನು ತಗ್ಗಿಸಿ, ಉಷ್ಣವಲಯದ ಮಳೆಗಾಲದಲ್ಲಿ ಕಬ್ಬಿಗೆ ಸಿಂಪಡಿಸಬಾರದೆಂದು ವಿಧಿಸಿತು. ಪಂಚಾಂಗವನ್ನೇ ಕಾನೂನಿಗೆ ಸೇರಿಸಿದಂತಾಯಿತು. ಆದರೆ ಡೈಯುರಾನ್ ಬಿಟ್ಟವರು ಬೇರೆ ಕಳೆನಾಶಕ ಹಿಡಿಯುತ್ತಾರಲ್ಲ! ಹಾಗಾಗಿಯೇ ಇಂದು ಕ್ವೀನ್ಸ್‌ಲ್ಯಾಂಡ್ ಸರ್ಕಾರವು ಒಂದೊಂದನ್ನೇ ತೂಗದೆ 22 ರಾಸಾಯನಿಕಗಳ ಒಟ್ಟು ಹೊರೆಯನ್ನು ಅಳೆಯುತ್ತದೆ. ನದಿಮುಖದಲ್ಲಿ ಕನಿಷ್ಠ ಶೇ. 99ರಷ್ಟು ಜಲಜೀವಿ ಪ್ರಭೇದಗಳು ಸುರಕ್ಷಿತವಾಗಿರಬೇಕೆಂಬುದು ಹವಳದಿಬ್ಬ ಯೋಜನೆಯ ಗುರಿ. ನದಿಯಿಂದ ಎತ್ತಿದ ನೀರಿನ ಪರೀಕ್ಷೆ ಜೊತೆಗಿಲ್ಲದಿದ್ದರೆ ಈ ಮಾದರಿಗಳನ್ನು ನಾನಂತೂ ನಂಬಲಾರೆ.

ಅಡಿಲೇಡಿನಲ್ಲಿ ಸಿಎಸ್‌ಐಆರ್‌ಒ ವಿಜ್ಞಾನಿ ರಾಯ್ ಕೂಕಣ ಮತ್ತು ಸಂಗಡಿಗರು ರೂಪಿಸಿದ ‘ಪಿರಿ’ ಸೂಚ್ಯಂಕವು ಕಡಿಮೆ ಮಾಹಿತಿಯಿಂದಲೇ ಯಾವ ಕೀಟನಾಶಕ ನೀರಿಗೆ ಹೆಚ್ಚು ಅಪಾಯಕಾರಿ ಎಂದು ಶ್ರೇಣಿ ಕಟ್ಟುತ್ತದೆ. ಅಳತೆಯ ಅಂಕಿಗಳು ವಿರಳವಾಗಿರುವ ನಮ್ಮ ನಾಡಿಗೆ ಹೆಚ್ಚು ಹೊಂದುವುದು ಇದೇ ಎಂದು ತೋರುತ್ತದೆ. ಪರ್ತ್‌ನ ಸಮಸ್ಯೆ ಬೇರೆ: ಸ್ವಾನ್ ಕರಾವಳಿ ಬಯಲಿನ ಮರಳಿನಲ್ಲಿ ಮಳೆ ಹರಿಯುವುದಕ್ಕಿಂತ ಇಂಗುವುದೇ ಹೆಚ್ಚು, ಕೆಳಗಿರುವುದು ನಗರಕ್ಕೆ ಕುಡಿಯುವ ನೀರು ಕೊಡುವ ನಂಗಾರ ಅಂತರ್ಜಲ. ಮೇಲ್ಹರಿವಿನ ಲೆಕ್ಕವೊಂದನ್ನೇ ನೋಡಿದರೆ ಅಲ್ಲಿ ಎಲ್ಲವೂ ಕ್ಷೇಮವೆಂದೇ ಕಂಡೀತು.

ಕಾಸರಗೋಡಿನ ಎಣ್ಮಕಜೆಯ ಗುಡ್ಡಗಳಲ್ಲಿ ಈ ಎರಡೂ ದಾರಿಗಳಿವೆ. ಮುರಕಲ್ಲಿನ ಮೇಲೆ ಬಿದ್ದ ಮಳೆ ತೋಡಿಗೂ ಹರಿಯುತ್ತದೆ, ಇಂಗಿ ಸುರಂಗದ ಮೂಲಕ ಮನೆಯಂಗಳಕ್ಕೂ ಬರುತ್ತದೆ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 1970ರ ದಶಕದ ಕೊನೆಯಿಂದ 2000ದವರೆಗೆ. ಅದು ಒಡೆದು ಉಂಟಾಗುವ ಎಂಡೋಸಲ್ಫಾನ್ ಸಲ್ಫೇಟ್ ಮೂಲವಸ್ತುವಿಗಿಂತ ಹೆಚ್ಚು ಕಾಲ ಮಣ್ಣಿನಲ್ಲಿ ಉಳಿಯುತ್ತದೆ. ಕೀಟನಾಶಕದ ಹರಿವನ್ನೂ ಇಂಗುವಿಕೆಯನ್ನೂ ಲೆಕ್ಕಹಾಕುವ ಮಾದರಿಗಳು ಅಮೆರಿಕದಲ್ಲಿ 1980ರ ದಶಕದಲ್ಲೇ ಸಿದ್ಧವಾಗಿದ್ದವು. ಸಿಂಪಡಣೆ ಆ ಬಳಿಕವೂ ಹತ್ತು ವರ್ಷಗಳಿಗೂ ಹೆಚ್ಚು ಕಾಲ ನಡೆಯಿತು.