ಒಂದು ಹೆಸರು, ಹಲವು ಬಾಗಿಲು

ಮಣಿಕೊಂಡವು ಪುರಸಭೆಯಾಗಿದ್ದ ಕಾಲದ ಮಾತು. ದೋಸೆ ಕಾವಲಿಯ ಮುಂದೆ ನಿಲ್ಲುವ ನಮ್ಮ ಕಡೆಯ ತರುಣನೊಬ್ಬನಿಗೆ ತಿಂಗಳಿನಿಂದ ನಿದ್ರೆಯಿಲ್ಲ, ಊಟ ಸೇರದು. ಗಿರಾಕಿಯೊಬ್ಬರು ‘ಕೌನ್ಸಿಲರರನ್ನು ಕಾಣಪ್ಪಾ’ ಎಂದರು. ಅವನು ಹೋದದ್ದು 2020ರಲ್ಲಿ ಚುನಾಯಿತರಾಗಿದ್ದ ವಾರ್ಡು ಸದಸ್ಯರ ಮನೆಗೆ! ರೇಷನ್ ಕಾರ್ಡಿನ ವಿಚಾರವೆಂದು ಬಗೆದು ಅವರು ಅರ್ಜಿ ತರಹೇಳಿದರು. ಕೇಳಿದವರೆಲ್ಲ ನಕ್ಕರು, ನಮಗೆ ನಗು ಬರಲಿಲ್ಲ.

ದೋಷವು ಆ ಹುಡುಗನದಲ್ಲ. ಇಂಗ್ಲಿಷಿನಲ್ಲಿ ಇವು ಎರಡು ಶಬ್ದಗಳು. ಒಂದು ಆಲೋಚನೆಯೆಂಬರ್ಥದ, ಇನ್ನೊಂದು ಸಭೆಯೆಂಬರ್ಥದ ಲ್ಯಾಟಿನ್ ಪದದಿಂದ ಬಂದವು. ಇಂಗ್ಲಿಷರೇ ಬಹುಕಾಲ ಅವನ್ನು ಬೆರೆಸಿದರು; ನಮ್ಮ ಕಿವಿಗೆ ಎರಡೂ ಒಂದೇ. ರಾಯಭಾರ ಕಚೇರಿಯಲ್ಲಿ ಅದೊಂದು ದರ್ಜೆ. ಅಮೆರಿಕದಲ್ಲಿ ವಕೀಲರಿಗೂ ಆ ಹೆಸರು. 1984ರ ಕಾಯಿದೆಯ ಮೇರೆಗೆ ಕುಟುಂಬ ನ್ಯಾಯಾಲಯದಲ್ಲಿ ದಂಪತಿಗಳ ಮಾತನ್ನು ಆಲಿಸುವವರೂ ಅವರೇ. ಇಂಜಿನಿಯರಿಂಗ್ ಸೀಟು ಹಂಚುವುದೂ ‘ಕೌನ್ಸೆಲಿಂಗ್’. ಅಲ್ಲಿ ಆಲಿಸುವವರಿಲ್ಲ, ರ‍್ಯಾಂಕೇ ಮಾತನಾಡುತ್ತದೆ. ಕಾಲೇಜಿಗೆ ಹುಡುಗರನ್ನು ಸೇರಿಸಿ ಕಮಿಷನ್ ಪಡೆಯುವ ದಲ್ಲಾಳಿಯೂ ಇದೇ ಬಿರುದನ್ನು ಧರಿಸಿರುವನು. ಮಕ್ಕಳನ್ನು ಓದಿಸುವ ಗುಮಾಸ್ತ ಬಂಧುಗಳು ಇದನ್ನು ಗಮನಿಸತಕ್ಕದ್ದು.

ಆದುದರಿಂದ ಬಿರುದನ್ನು ನೋಡದೆ, ‘ಇವರಿಗೆ ಹಣ ಕೊಡುವವರಾರು, ಇವರು ನೋಡುವುದು ಯಾರ ಹಿತ?’ ಎಂದು ಕೇಳಿಕೊಳ್ಳುವುದೇ ಲೇಸು. ಕನ್ನಡದಲ್ಲಿ ಸದಸ್ಯ, ಸಲಹೆಗಾರ, ಆಪ್ತಸಮಾಲೋಚಕ ಎಂದು ಬೇರೆಬೇರೆ ಪದಗಳಿವೆ. ನೊಂದ ಮನಸ್ಸಿಗೆ ಬೇಕಾದವರು ಕೊನೆಯವರು. ಹೇಳಿದ ಮಾತನ್ನು ಹೊರಗೆ ಬಿಡದೆ ಕಾಪಾಡುವವನೆಂಬ ಭರವಸೆಯು ‘ಆಪ್ತ’ ಎಂಬಲ್ಲಿಯೇ ಇದೆ.

ಅಂಥವರು ದುಡ್ಡಿದ್ದವರಿಗೆ ಮಾತ್ರವೆಂದು ಭಾವಿಸಬೇಡಿರಿ. 2022ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರವು ಆರಂಭಿಸಿದ ‘ಟೆಲಿ ಮಾನಸ್’ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ಉಚಿತವಾಗಿ ದೊರೆಯುತ್ತದೆ. ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಹೋಟೆಲಿನ ಬಾಗಿಲೆಳೆದ ಮೇಲೆ, ರಾತ್ರಿ ಹನ್ನೆರಡಕ್ಕೂ ಕರೆಯಬಹುದು.

ಮಾಲೀಕರಿಗೂ ಒಂದು ಮಾತು. ನಾವೂ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದವರೇ. ಜ್ವರ ಬಂದವನಿಗೆ ರಜೆ ಕೊಟ್ಟೆವು. ಮನಸ್ಸು ಕುಸಿದವನನ್ನು ‘ಸೋಮಾರಿ’ ಎಂದೆವು. ಅದು ನಮ್ಮ ತಪ್ಪು. ಮನೆಮಂದಿಯನ್ನು ಊರಲ್ಲಿ ಬಿಟ್ಟು ಬಂದ ಹುಡುಗನಿಗೆ ಇಲ್ಲಿ ಮೊದಲ ಆಪ್ತನು ಅನ್ನ ಕೊಟ್ಟ ಧಣಿಯೇ. ಅವನ ಮಾತನ್ನು ಹತ್ತು ನಿಮಿಷ ಕೇಳಿ, ಬಳಿಕ ಸರಿಯಾದ ಬಾಗಿಲನ್ನು ತೋರಿಸಿರೆಂದು ನಮ್ಮ ವಿನಂತಿ.