ಮಹಾಪುರಾಣದ ಸಮಾಪ್ತಿ ಮತ್ತು ಗುಣಭದ್ರರ ಸ್ಥಾನ

ಗುರುಗಳಾದ ಜಿನಸೇನರು ಆದಿಪುರಾಣವನ್ನು ಬರೆದರು, ಶಿಷ್ಯರಾದ ಗುಣಭದ್ರರು ಉತ್ತರಪುರಾಣವನ್ನು ಸೇರಿಸಿದರು ಎಂಬುದು ಮಹಾಪುರಾಣವನ್ನು ಕುರಿತ ರೂಢಿಯ ಮಾತು. ಹೇಳಲು ಸುಲಭವಾದ ಈ ವಿಭಜನೆ ಕೃತಿಯ ವಾಸ್ತವಕ್ಕೆ ಹೊಂದುವುದಿಲ್ಲ.

ಆದಿಪುರಾಣದಲ್ಲಿ 47 ಪರ್ವಗಳಿವೆ. ಜಿನಸೇನರು 42 ಪರ್ವಗಳನ್ನೂ 43ನೆಯ ಪರ್ವದ ಮೂರು ಶ್ಲೋಕಗಳನ್ನೂ ರಚಿಸಿ ದಿವಂಗತರಾದರು. ಕೃತಿ ನಿಂತುಹೋದ ಸ್ಥಳ ಪರ್ವದ ಅಂತ್ಯವಲ್ಲ, ಆರಂಭ. ಮುಂದಿನ ಜಯಕುಮಾರ-ಸುಲೋಚನೆಯರ ಕಥೆ, ಆದಿನಾಥರ ನಿರ್ವಾಣ, ಭರತನ ಮುಕ್ತಿ ಇವೆಲ್ಲವೂ ಗುಣಭದ್ರರ ರಚನೆ. ತೀರ್ಥಂಕರ ಚರಿತೆಗೆ ನಿರ್ವಾಣಕಲ್ಯಾಣವೇ ಕೊನೆ. ಅದಿಲ್ಲದ ಆದಿಪುರಾಣ ಪುರಾಣವೆಂಬ ಹೆಸರಿಗೆ ಪೂರ್ಣವಾಗಿ ಸಲ್ಲುತ್ತಿರಲಿಲ್ಲ. ಗುಣಭದ್ರರು ಗುರುಗಳ ಗ್ರಂಥಕ್ಕೆ ಮತ್ತೊಂದು ಗ್ರಂಥವನ್ನು ಜೋಡಿಸುವ ಮೊದಲು ಆ ಗ್ರಂಥವನ್ನೇ ಮುಗಿಸಬೇಕಾಗಿತ್ತು.

ಉತ್ತರಾರ್ಧದಲ್ಲಿ ಪೂರ್ವಾರ್ಧದ ಕಾವ್ಯವೈಭವವಿಲ್ಲ ಎಂಬ ಆಕ್ಷೇಪ ನಿರಾಧಾರವಲ್ಲ. ಪೂರ್ವಾರ್ಧವನ್ನು ಕಬ್ಬಿನ ರಸವತ್ತಾದ ಭಾಗಕ್ಕೆ ಹೋಲಿಸಿ, ಉಳಿದದ್ದು ಹೇಗಾದರೂ ನೆರವೇರಲಿ ಎಂಬ ಭಾವದಿಂದ ತೊಡಗಿದವರು ಸ್ವತಃ ಗುಣಭದ್ರರೇ. ಆದರೆ ವಿಮರ್ಶಕರು ಈ ವಿನಯವನ್ನೇ ತೀರ್ಪಾಗಿ ಸ್ವೀಕರಿಸುವುದು ಉಚಿತವಲ್ಲ. 63 ಶಲಾಕಾಪುರುಷರಲ್ಲಿ ವೃಷಭ ಮತ್ತು ಭರತ ಇಬ್ಬರ ಚರಿತೆಗೇ 47 ಪರ್ವಗಳು ಸಂದಿವೆ. ಉಳಿದ 61 ಮಂದಿಯ ಚರಿತೆ 29 ಪರ್ವಗಳಲ್ಲಿದೆ. ಜಿನಸೇನರ ವಿಸ್ತಾರವನ್ನೇ ಅನುಸರಿಸಿದ್ದರೆ ಮಹಾಪುರಾಣ ಎರಡನೆಯ ಬಾರಿಯೂ ಅಪೂರ್ಣವಾಗುವ ಸಂಭವವಿತ್ತು. ಆದುದರಿಂದ ಇಲ್ಲಿನ ಸಂಕ್ಷೇಪವನ್ನು ಅಶಕ್ತಿಯೆಂದು ಎಣಿಸುವುದಕ್ಕಿಂತ ಸಮಾಪ್ತಿಗಾಗಿ ಕೈಗೊಂಡ ನಿರ್ಧಾರವೆಂದು ಓದುವುದು ನ್ಯಾಯ.

ಇಂತಹ ಕಾರ್ಯ ಈ ಪರಂಪರೆಗೆ ಹೊಸದಾಗಿರಲಿಲ್ಲ. ಕಷಾಯಪಾಹುಡದ ಮೇಲಿನ ಜಯಧವಲಾ ಟೀಕೆಯನ್ನು ವೀರಸೇನರು 20,000 ಗ್ರಂಥಪ್ರಮಾಣದವರೆಗೆ ಬರೆದು ತೀರಿಕೊಂಡಾಗ, ಉಳಿದ 40,000 ಗ್ರಂಥಪ್ರಮಾಣವನ್ನು ರಚಿಸಿ ಶಕ 759ರಲ್ಲಿ, ಅಂದರೆ ಕ್ರಿ.ಶ. 837ರಲ್ಲಿ, ಪೂರ್ಣಗೊಳಿಸಿದವರು ಜಿನಸೇನರೇ. ಗುರುವಿಗಾಗಿ ಅವರು ಮಾಡಿದ್ದನ್ನೇ ಅವರ ಶಿಷ್ಯರು ಅವರಿಗಾಗಿ ಮಾಡಿದರು. ಗುಣಭದ್ರರ ಶಿಷ್ಯರಾದ ಲೋಕಸೇನರು ಶಕ 820ರಲ್ಲಿ ಬಂಕಾಪುರದಲ್ಲಿ ನಡೆದ ಗ್ರಂಥಪೂಜೆಯನ್ನು ಪ್ರಶಸ್ತಿಯಲ್ಲಿ ದಾಖಲಿಸಿದರು. ಯಾರು ಎಲ್ಲಿಯವರೆಗೆ ಬರೆದರೆಂಬುದನ್ನು ಈ ಪರಂಪರೆ ಮರೆಮಾಚಲಿಲ್ಲ. ಅದನ್ನು ಮಸುಕುಗೊಳಿಸಿದ್ದು ನಂತರದ ಓದಿನ ಉದಾಸೀನ.

ಈ ಉದಾಸೀನದಿಂದ ಕನ್ನಡ ಅಧ್ಯಯನಕ್ಕೂ ನಷ್ಟವಾಗಿದೆ. ಪಂಪನ ಆದಿಪುರಾಣದ ಆಕರ ಜಿನಸೇನರೆಂದು ಬರೆದು ನಿಲ್ಲಿಸುವವರು, ಆದಿದೇವನ ನಿರ್ವಾಣದ ಸಂದರ್ಭಕ್ಕೆ ಬಂದಾಗ ಪಂಪನ ಮುಂದಿದ್ದುದು ಗುಣಭದ್ರರ ಪದ್ಯಗಳೆಂಬುದನ್ನು ಗಮನಿಸುವುದಿಲ್ಲ. ಚಾವುಂಡರಾಯನ ಗದ್ಯಪುರಾಣಕ್ಕೆ ಗುಣಭದ್ರರೂ ಆಧಾರ. ಜನ್ನನ ಅನಂತನಾಥಪುರಾಣದಲ್ಲಿ ಓದುಗರ ನೆನಪಿನಲ್ಲಿ ಹೆಚ್ಚು ಉಳಿದಿರುವ ಚಂಡಶಾಸನನ ವೃತ್ತಾಂತದ ಬೀಜವೂ ಉತ್ತರಪುರಾಣದಲ್ಲಿದೆ. ಕನ್ನಡ ಕವಿಗಳು ಬೆಳೆಸಲು ಅವಕಾಶ ದೊರೆತದ್ದು ಈ ಸಂಕ್ಷಿಪ್ತ ಕಥೆಗಳಲ್ಲಿಯೇ ಎಂಬುದನ್ನೂ ನೆನೆಯಬೇಕು.

ಆಕರಗಳನ್ನು ಹೋಲಿಸುವ ಸಂಶೋಧನ ವಿದ್ಯಾರ್ಥಿ ಗ್ರಂಥದ ಹೆಸರನ್ನಷ್ಟೇ ಕೊಟ್ಟರೆ ಸಾಲದು, ಪರ್ವ ಮತ್ತು ಶ್ಲೋಕದ ಸಂಖ್ಯೆಯನ್ನೂ ನಮೂದಿಸಬೇಕು. 43ನೆಯ ಪರ್ವದ ನಾಲ್ಕನೆಯ ಶ್ಲೋಕದಿಂದ ಮುಂದೆ ಕರ್ತೃವಿನ ಸ್ಥಾನದಲ್ಲಿ ಗುಣಭದ್ರರ ಹೆಸರಿರಬೇಕು.